ದಡದ ಊರೇ ಎಲ್ಲ ಹೊರಬೇಕಾ? ಯೂರೋಪಿನ ನಿರಾಶ್ರಿತರ ಹಂಚಿಕೆ ಜಗಳ

ಪ್ರಶ್ನೆ: ನಾನು ಹಾಸನ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬ್ಲೂ ಕಾರ್ಡ್ (ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿ) ಮೇಲೆ ಕೆಲಸದಲ್ಲಿದ್ದಾಳೆ. ನಾನೂ ನನ್ನ ಹೆಂಡತಿಯೂ ಅಲ್ಲಿ ಮೂರು ತಿಂಗಳು ಇದ್ದು ಬಂದೆವು. ಅವಳ ಎದುರು ಮನೆಯವರು ಗ್ರೀಸ್‌ನವರು, ಮೇಲಿನ ಮಹಡಿಯವರು ಹಂಗೇರಿಯವರು. ಇಬ್ಬರೂ ಒಳ್ಳೆಯ ಸ್ನೇಹಿತರು. ನಿರಾಶ್ರಿತರ ಮಾತು ಬಂದರೆ ಮಾತ್ರ ಕಾಫಿ ಆರಿಹೋಗುವ ತನಕ ಜಗಳ. "ಹೊರೆಯೆಲ್ಲ ನಮ್ಮ ತಲೆ ಮೇಲೆ ಹಾಕಿದಿರಿ" ಎಂದು ಗ್ರೀಸ್‌ನವರು, "ನಮ್ಮನ್ನು ಕೇಳದೆ ಹಂಚೋಕೆ ನೀವ್ಯಾರು" ಎಂದು ಹಂಗೇರಿಯವರು. 27 ದೇಶಗಳು ಒಂದು ಒಕ್ಕೂಟ ಮಾಡಿಕೊಂಡಿವೆ, ಹೆಚ್ಚಿನವು ಒಂದೇ ದುಡ್ಡು ಬಳಸುತ್ತವೆ. ಎಲ್ಲರಿಗೂ ಒಪ್ಪುವ ಒಂದು ಆಶ್ರಯ ನೀತಿ ಮಾಡಿಕೊಳ್ಳೋಕೆ ಯಾಕೆ ಇಷ್ಟು ಕಷ್ಟ? ಹೊಸ ಒಪ್ಪಂದದಿಂದ ಪ್ರತಿ ದೇಶವೂ ಸಾವಿರಾರು ಜನರನ್ನು ತೆಗೆದುಕೊಳ್ಳಲೇಬೇಕು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಿಂದ ಮಗಳಿಗೆ ಏನಾದರೂ ತೊಂದರೆಯಾ? ಇನ್ನೊಂದು ವಿಷಯ. ನನ್ನ ತಂಗಿ ಮಗನಿಗೆ ಒಬ್ಬ ಏಜೆಂಟ್, "ಟೂರಿಸ್ಟ್ ವೀಸಾದಲ್ಲಿ ಹೋಗಿ ಅಸೈಲಂ (ಆಶ್ರಯದ ಅರ್ಜಿ) ಹಾಕು, ತೀರ್ಮಾನಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ, ಅಷ್ಟರಲ್ಲಿ ದುಡಿದುಕೋ" ಎನ್ನುತ್ತಿದ್ದಾನೆ. ಇದು ಆಗುವ ಮಾತಾ?

ಉತ್ತರ:

ಮೇಷ್ಟ್ರೇ, ಮಗಳ ವಿಷಯ ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. ಬ್ಲೂ ಕಾರ್ಡ್‌ನದು ಒಂದು ಕಾನೂನು, ಆಶ್ರಯದ್ದು ಇನ್ನೊಂದು. ಹೊಸ ಒಪ್ಪಂದ ಅವಳ ಕಾರ್ಡನ್ನು ಮುಟ್ಟುವುದಿಲ್ಲ. ಒಂದೇ ಎಚ್ಚರ ಸಾಕು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ರಜೆಗೆ ಅಂತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿಬಂದರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಬ್ಯಾಗಿನಲ್ಲಿರಲಿ. ತಂಗಿ ಮಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ಚಿಕ್ಕದಲ್ಲ.

ಇನ್ನು ನಿಮ್ಮ ಮಗಳ ನೆರೆಮನೆಯ ಜಗಳ. ನಾನು ನಿರಾಶ್ರಿತರ ಕಾನೂನು ನೆರವಿನ ಕೆಲಸ ಮಾಡಿದ್ದು ಮೊದಲು ಅಥೆನ್ಸ್‌ನಲ್ಲಿ, ಆಮೇಲೆ ಬ್ರಸೆಲ್ಸ್‌ನಲ್ಲಿ. ಈ ಎರಡು ಮಾತನ್ನೂ ನೂರಾರು ಸಲ ಕೇಳಿದ್ದೇನೆ. ಇದನ್ನು ಕರುಣೆ ಇರುವವರು, ಇಲ್ಲದವರು ಎಂಬ ಜಗಳ ಅಂದುಕೊಂಡರೆ ಏನೂ ಅರ್ಥವಾಗುವುದಿಲ್ಲ. ಒಳಗೆ ಇರುವುದು ಒಂದು ಒಣ ಪ್ರಶ್ನೆ: ಬಂದವರ ಅರ್ಜಿ ಯಾರ ಲೆಕ್ಕಕ್ಕೆ?

ಕಥೆ ಶೆಂಗೆನ್‌ನಿಂದ ಶುರುವಾಗುತ್ತದೆ. ಅದು ಲಕ್ಸೆಂಬರ್ಗ್‌ನ ಒಂದು ಸಣ್ಣ ಊರು. 1985ರಲ್ಲಿ ಅಲ್ಲಿ ಐದು ದೇಶಗಳು ಸೇರಿ, ನಮ್ಮ ನಡುವಿನ ಗಡಿ ತಪಾಸಣೆ ತೆಗೆಯೋಣ ಎಂದು ಸಹಿ ಹಾಕಿದವು. ಒಳಗಿನ ಗೇಟು ತೆಗೆದ ಮೇಲೆ ಹೊಸ ತಲೆನೋವು ಬಂತು. ಆಶ್ರಯ ಕೇಳಿಕೊಂಡು ಬಂದವರು ಒಂದು ದೇಶದಲ್ಲಿ ಅರ್ಜಿ ತಿರಸ್ಕಾರವಾದರೆ ಪಕ್ಕದ ದೇಶದಲ್ಲಿ ಹಾಕಬಹುದು. ಅಥವಾ ಯಾವ ದೇಶವೂ "ಇದು ನಮ್ಮ ಅರ್ಜಿ" ಎಂದು ಒಪ್ಪಿಕೊಳ್ಳದೆ ಚೆಂಡಿನ ಹಾಗೆ ಒದ್ದಾಡಿಸಬಹುದು. ಇದಕ್ಕೆ 1990ರಲ್ಲಿ ಡಬ್ಲಿನ್‌ನಲ್ಲಿ ಒಂದು ನಿಯಮ ಬರೆದರು. ಒಬ್ಬರ ಅರ್ಜಿಯನ್ನು ಒಂದೇ ದೇಶ ನೋಡಬೇಕು. ಹತ್ತಿರದ ಕುಟುಂಬದವರು ಆಗಲೇ ಯಾವುದಾದರೂ ದೇಶದಲ್ಲಿ ಆಶ್ರಯ ಪಡೆದಿದ್ದರೆ ಆ ದೇಶ. ವೀಸಾ ಕೊಟ್ಟಿದ್ದರೆ ವೀಸಾ ಕೊಟ್ಟ ದೇಶ. ಎರಡೂ ಇಲ್ಲದಿದ್ದರೆ ಅವರು ಮೊದಲು ಕಾಲಿಟ್ಟ ದೇಶ.

ಹೆಚ್ಚಿನವರ ಪಾಲಿಗೆ ಉಳಿಯುವುದು ಈ ಮೂರನೆಯದೇ. ಈಗ ನಕಾಶೆ ತೆಗೆದು ನೋಡಿ. ಜರ್ಮನಿಯ ಸುತ್ತ ಇರುವವರೆಲ್ಲ ಈ ನಿಯಮಕ್ಕೆ ಸೇರಿದವರೇ. ಕಾಗದದ ಪ್ರಕಾರ ನಡೆದುಕೊಂಡು ಬಂದ ಒಬ್ಬ ನಿರಾಶ್ರಿತನೂ ಜರ್ಮನಿಯ ಲೆಕ್ಕಕ್ಕೆ ಬರುವಂತಿಲ್ಲ! ಟರ್ಕಿಯಿಂದ ರಬ್ಬರ್ ದೋಣಿಯಲ್ಲಿ ಬಂದವರು ಗ್ರೀಸ್‌ನ ಲೆಕ್ಕ. ಲಿಬಿಯಾದಿಂದ ಬಂದವರು ಇಟಲಿ ಅಥವಾ ಮಾಲ್ಟಾದ ಲೆಕ್ಕ. ದಡದಲ್ಲಿ ಹುಟ್ಟಿದ್ದೇ ಆ ದೇಶಗಳ ತಪ್ಪು ಎಂಬಂತಾಯಿತು. 2003ರಿಂದ ಯೂರೋಡ್ಯಾಕ್ ಎಂಬ ಬೆರಳಚ್ಚು ಕಣಜ ಶುರುವಾಯಿತು. ಬೆರಳಚ್ಚು ಎಲ್ಲಿ ಬಿತ್ತೋ ಅಲ್ಲಿಗೆ ಕಟ್ಟಿಹಾಕಿದ ಹಾಗೆ. ಆ ಗುರುತು ಸಿಗಬಾರದು ಅಂತ ಬೆರಳ ತುದಿ ಸುಟ್ಟುಕೊಂಡು ಬಂದವರನ್ನು ನಾನೇ ನೋಡಿದ್ದೇನೆ.

ನೀವು ಹೇಮಾವತಿ ಕಂಡವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷ ಕಾವೇರಿ ಜಗಳ ಯಾರ ನೆನಪಿಗೂ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ, ಯಾರ ಪಾಲು ಎಷ್ಟು ಕಡಿಮೆಯಾಗಬೇಕು ಎಂಬ ಲೆಕ್ಕ ಮೊದಲೇ ಒಪ್ಪಿಗೆಯಾಗಿರದಿದ್ದರೆ ರಸ್ತೆಗೆ ಟಯರ್ ಬೀಳುತ್ತದೆ. ಡಬ್ಲಿನ್‌ನಲ್ಲಿ ಇಲ್ಲದ್ದು ಅದೇ. ಸಂಕಷ್ಟದ ವರ್ಷದ ಲೆಕ್ಕ.

ಆ ವರ್ಷ ಬಂದದ್ದು 2015. ಅದಕ್ಕೂ ಮೊದಲೇ ಗೋಡೆ ಬಿರುಕು ಬಿಟ್ಟಿತ್ತು. ಬೆಲ್ಜಿಯಂ ಒಬ್ಬ ಅಫ್ಘನ್ ಅರ್ಜಿದಾರನನ್ನು ಡಬ್ಲಿನ್ ಪ್ರಕಾರ ಗ್ರೀಸ್‌ಗೆ ವಾಪಸ್ ಕಳಿಸಿತ್ತು. ಅಲ್ಲಿ ಲಾಕಪ್ಪು, ಆಮೇಲೆ ಬೀದಿ. 2011ರ ಜನವರಿಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎರಡೂ ದೇಶಗಳದ್ದು ತಪ್ಪು ಎಂದಿತು. ಆಮೇಲೆ ಬಹಳ ವರ್ಷ ಗ್ರೀಸ್‌ಗೆ ವಾಪಸ್ ಕಳಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು. 2013ರ ಅಕ್ಟೋಬರ್‌ನಲ್ಲಿ ಇಟಲಿಯ ಲಾಂಪೆದೂಸಾ ದ್ವೀಪದ ಹತ್ತಿರ ಒಂದು ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಸುಮಾರು 10 ಲಕ್ಷ ಜನ ಸಮುದ್ರ ದಾಟಿ ಬಂದರು. ಅದರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಇಳಿದದ್ದು ಗ್ರೀಸ್‌ನಲ್ಲಿ. ಗ್ರೀಸ್‌ನ ಒಟ್ಟು ಜನಸಂಖ್ಯೆಯೇ ಒಂದು ಕೋಟಿ ಚಿಲ್ಲರೆ. ಬ್ಯಾಂಕ್‌ಗಳು ಬಾಗಿಲು ಹಾಕಿ, ದಿನಕ್ಕೆ 60 ಯೂರೋಗಿಂತ ಜಾಸ್ತಿ ತೆಗೆಯುವಂತಿಲ್ಲ ಎಂದಿದ್ದ ವರ್ಷ ಅದು. ನಿಮ್ಮ ಎದುರು ಮನೆಯವರ ಸಿಟ್ಟು ಅಲ್ಲಿಯದು. ಅದು ಸರಿಯಾದ ಸಿಟ್ಟೇ.

ಈಗ ಮೇಲಿನ ಮಹಡಿ. ಅದೇ 2015ರಲ್ಲಿ ಹಂಗೇರಿಗೂ ಒಂದೂ ಮುಕ್ಕಾಲು ಲಕ್ಷದಷ್ಟು ಅರ್ಜಿ ಬಿದ್ದವು, ಸರ್ಬಿಯಾ ಗಡಿಯಿಂದ. ಲೆಕ್ಕದಲ್ಲಿ ಹಂಗೇರಿಯೂ ಆಗ ದಡದ ಊರೇ. ಸೆಪ್ಟೆಂಬರ್‌ನಲ್ಲಿ ಯೂರೋಪಿನ ಆಯೋಗ (ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) 1,20,000 ಜನರನ್ನು ಬೇರೆ ದೇಶಗಳಿಗೆ ಹಂಚುವ ಯೋಜನೆ ತಂದಾಗ, ಅದರಲ್ಲಿ 54,000 ಜನರನ್ನು ಹಂಗೇರಿಯಿಂದಲೇ ತೆಗೆದುಕೊಂಡು ಹೋಗುತ್ತೇವೆ ಎಂದಿತ್ತು. ಹಂಗೇರಿಗೆ ಲಾಭವೇ ಅಲ್ವಾ? ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಸರ್ಕಾರ ಅದನ್ನೂ ಬೇಡ ಎಂದಿತು. ಇಂದು ನಮ್ಮಿಂದ ಕಳಿಸಿದರೆ ನಾಳೆ ನಮಗೆ ಕಳಿಸುತ್ತಾರೆ, ಹಂಚಿಕೆ ಎಂಬ ತತ್ವವನ್ನೇ ಒಪ್ಪಬಾರದು ಎಂಬ ರಾಜಕೀಯ ಅದು. ಬೇಲಿ ಹಾಕಿದರು.

ಅಲ್ಲಿ ನಡೆದ ಒಂದು ತಪ್ಪನ್ನು ನಾನು ಇವತ್ತಿಗೂ ದೊಡ್ಡ ತಪ್ಪು ಅಂದುಕೊಂಡಿದ್ದೇನೆ. ಇಂಥ ಸೂಕ್ಷ್ಮ ವಿಷಯವನ್ನು ಎಲ್ಲರನ್ನೂ ಒಪ್ಪಿಸಿಕೊಂಡು ಮಾಡುವುದು ವಾಡಿಕೆ. 2015ರ ಸೆಪ್ಟೆಂಬರ್ 22ರಂದು ಬಹುಮತದಿಂದ ಮಾಡಿಮುಗಿಸಿದರು. ಚೆಕ್, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾ ವಿರುದ್ಧ ಮತ ಹಾಕಿದವು. ಕಾನೂನಿನ ಪ್ರಕಾರ ಅದು ಸರಿಯೇ. ಯೂರೋಪ್ ಒಕ್ಕೂಟದ ನ್ಯಾಯಾಲಯವೂ 2017ರಲ್ಲಿ ಹಾಗೇ ಹೇಳಿತು. ಆದರೆ ಕೈ ಎತ್ತಿಸಿ ಗೆದ್ದ ಪಂಚಾಯ್ತಿ ತೀರ್ಮಾನವನ್ನು ಸೋತವರ ಓಣಿಯಲ್ಲಿ ಜಾರಿ ಮಾಡುವುದು ಹೇಗೆ? ಅದಕ್ಕೂ ಮೊದಲು ಒಪ್ಪಿದ್ದ 40,000 ಸೇರಿ ಒಟ್ಟು 1,60,000 ಜನರನ್ನು ಹಂಚುತ್ತೇವೆ ಎಂದಿದ್ದರು. ನಿಜವಾಗಿ ಹೋದದ್ದು 35,000ದ ಆಸುಪಾಸು. ಹಂಗೇರಿ, ಪೋಲೆಂಡ್ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಹಂಗೇರಿ ಜನಮತ ತೆಗೆದುಕೊಂಡಿತು. ಮತ ಹಾಕಿದವರಲ್ಲಿ ಶೇ. 98 ಜನ ಹಂಚಿಕೆ ಬೇಡ ಎಂದರು. ಆದರೆ ಅರ್ಧಕ್ಕರ್ಧ ಜನ ಮತಗಟ್ಟೆಗೇ ಬರಲಿಲ್ಲ, ಹಾಗಾಗಿ ಅದು ಊರ್ಜಿತವಾಗಲಿಲ್ಲ. ಈ ಎರಡನೇ ಭಾಗವನ್ನು ಮೇಲಿನ ಮಹಡಿಯವರು ಹೇಳಿರಲಿಕ್ಕಿಲ್ಲ.

ಹಂಚಿಕೆ ಸೋತದ್ದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ರಾಜಕಾರಣಿಗಳು ಹೇಳುವುದಿಲ್ಲ. ಕಾವೇರಿ ಉದಾಹರಣೆ ಕೊಟ್ಟೆನಲ್ಲ, ಅದು ಇಲ್ಲಿಗೆ ನಿಲ್ಲುತ್ತದೆ. ನೀರು ಕಾಲುವೆ ತೋಡಿದ ಕಡೆ ಹರಿಯುತ್ತದೆ. ಮನುಷ್ಯನಿಗೆ ತನ್ನ ಅಣ್ಣ ಎಲ್ಲಿದ್ದಾನೆ ಎಂಬುದು ಗೊತ್ತಿರುತ್ತದೆ. ಅಥೆನ್ಸ್‌ನಲ್ಲಿ ಒಬ್ಬರಿಗೆ "ನಿಮ್ಮ ಹೆಸರು ರೊಮೇನಿಯಾಕ್ಕೆ ಬಂದಿದೆ, ನಿಮ್ಮ ಅದೃಷ್ಟ" ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನನ್ನ ಅಣ್ಣ ಹ್ಯಾಂಬರ್ಗ್‌ನಲ್ಲಿದ್ದಾನೆ" ಎಂದರು. ವಯಸ್ಕ ಅಣ್ಣತಮ್ಮಂದಿರು ಡಬ್ಲಿನ್ ನಿಯಮದಲ್ಲಿ "ಕುಟುಂಬ" ಅಲ್ಲ. ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಅಷ್ಟೇ. ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳುವುದೇ ಕಷ್ಟ. ಮೂರು ವಾರದ ನಂತರ ಅವರು ಬರಲಿಲ್ಲ. ಫೋನೂ ಬಂದ್.

ಅದರ ಮೇಲೆ ತೀರ್ಮಾನದ ಲಾಟರಿ ಬೇರೆ. ಕಾನೂನು ಒಂದೇ, ಓದುವವರು ಬೇರೆ ಬೇರೆ. ಒಂದೇ ಊರಿನ ಇಬ್ಬರು ಅಫ್ಘನ್ನರಲ್ಲಿ ಇಟಲಿಯಲ್ಲಿ ಅರ್ಜಿ ಹಾಕಿದವನಿಗೆ ಬಹುತೇಕ ಸಿಗುತ್ತಿತ್ತು, ಬಲ್ಗೇರಿಯಾದಲ್ಲಿ ಹಾಕಿದವನಿಗೆ ಬಹುತೇಕ ಇಲ್ಲ. ಹೀಗಿದ್ದಾಗ ಬೇಲಿ ಹಾರಿ ಮುಂದಕ್ಕೆ ಹೋದವನನ್ನು ಮೋಸಗಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜನ ನಂಬಿಕೊಂಡಿರುವ ಕೆಲವು ಮಾತುಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಪಂಚದ ನಿರಾಶ್ರಿತರೆಲ್ಲ ಯೂರೋಪಿಗೆ ಹೋಗುತ್ತಾರೆ ಎಂಬುದು ಸುಳ್ಳು. ಹೆಚ್ಚಿನವರು ಪಕ್ಕದ ದೇಶದಲ್ಲೇ ಉಳಿಯುತ್ತಾರೆ. ಸಿರಿಯಾ ಯುದ್ಧದಲ್ಲಿ ಟರ್ಕಿಯೊಂದೇ ಒಂದು ಹಂತದಲ್ಲಿ 36 ಲಕ್ಷ ಜನರನ್ನು ಇಟ್ಟುಕೊಂಡಿತ್ತು. ಅರ್ಜಿ ಹಾಕಿದವರೆಲ್ಲ ನಿಜವಾದ ನಿರಾಶ್ರಿತರು ಎಂಬುದೂ ಸರಿಯಲ್ಲ. 2022ರಿಂದ 2024ರ ತನಕ ಮೊದಲ ಹಂತದ ತೀರ್ಮಾನದಲ್ಲಿ ಸರಿಸುಮಾರು ಅರ್ಧ ಜನರಿಗೆ ರಕ್ಷಣೆ ಸಿಕ್ಕಿದೆ, ಅರ್ಧ ಜನರಿಗೆ ಇಲ್ಲ. ಪೂರ್ವ ಯೂರೋಪಿನವರಿಗೆ ಕರುಣೆಯೇ ಇಲ್ಲ ಎಂಬುದಂತೂ 2022ರಲ್ಲಿ ಬಿದ್ದುಹೋಯಿತು. ರಷ್ಯಾ ದಾಳಿ ಮಾಡಿದಾಗ ಉಕ್ರೇನಿನಿಂದ ಬಂದ ಲಕ್ಷಾಂತರ ಹೆಂಗಸರು ಮಕ್ಕಳನ್ನು ಪೋಲೆಂಡ್‌ನ ಜನ ಮನೆಯೊಳಗೆ ಕರೆದುಕೊಂಡರು. 2001ರಲ್ಲೇ ಬರೆದಿಟ್ಟು ಒಮ್ಮೆಯೂ ಬಳಸದ ತಾತ್ಕಾಲಿಕ ರಕ್ಷಣೆಯ ಕಾನೂನನ್ನು ಮಾರ್ಚ್ 4ರಂದು ಹೊರತೆಗೆದರು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದರ ಕೆಳಗೆ ಬಂದರು. ಮೊದಲ ದಿನದಿಂದ ಕೆಲಸ ಮಾಡಬಹುದು. ಯಾವ ದೇಶಕ್ಕೆ ಬೇಕೋ ಅಲ್ಲಿಗೆ ಹೋಗಬಹುದು. ಅಣ್ಣ ಇರುವ ಕಡೆಗೆ ಕೂಡ! ಒಕ್ಕೂಟ ಮುಳುಗಲಿಲ್ಲ. ಅದೇ ಪೋಲೆಂಡ್, ಅದೇ ಸಮಯದಲ್ಲಿ, ಬೆಲಾರೂಸ್ ಕಡೆಯಿಂದ ಬಂದ ಸಿರಿಯಾ, ಇರಾಕ್‌ನವರನ್ನು ಕಾಡಿನಲ್ಲಿ ಹಿಂದಕ್ಕೆ ತಳ್ಳುತ್ತಿತ್ತು. ಧರ್ಮ, ಬಣ್ಣ ಇದರಲ್ಲಿ ಇಲ್ಲ ಎಂದರೆ ನಾನು ನಿಮಗೆ ಸುಮ್ನೆ ಹೇಳಿದ ಹಾಗೆ.

ಈಗ ವಾಟ್ಸಾಪ್‌ನ ಹೊಸ ಒಪ್ಪಂದ. 2020ರ ಸೆಪ್ಟೆಂಬರ್‌ನಲ್ಲಿ ಗ್ರೀಸ್‌ನ ಲೆಸ್ಬಾಸ್ ದ್ವೀಪದ ಮೊರಿಯಾ ಶಿಬಿರ ಸುಟ್ಟುಹೋಯಿತು. ಮೂರು ಸಾವಿರ ಜನರಿಗೂ ಸಾಲದ ಜಾಗದಲ್ಲಿ 12,000ಕ್ಕೂ ಹೆಚ್ಚು ಜನ ಇದ್ದರು. ಅದೇ ತಿಂಗಳು ಆಯೋಗ ಹೊಸ ಕರಡು ತಂದಿತು. ನಾಲ್ಕು ವರ್ಷ ಎಳೆದಾಡಿ 2024ರ ಮೇ 14ರಂದು ಒಪ್ಪಿಗೆಯಾಯಿತು. ಜಾರಿಗೆ ಇಟ್ಟ ದಿನ 2026ರ ಜೂನ್ 12. ಇದರಲ್ಲಿ ಯಾರನ್ನೂ ಬಲವಂತವಾಗಿ ಒಂದು ದೇಶದ ಮೇಲೆ ಹೇರುವುದಿಲ್ಲ. ನಮ್ಮ ಹಳ್ಳಿಯ ಮುಯ್ಯಾಳಿನ ಲೆಕ್ಕ ಇದ್ದ ಹಾಗೆ. ನಾಟಿಗೆ ನೀವೇ ಬನ್ನಿ, ಇಲ್ಲ ಆಳು ಕಳಿಸಿ, ಇಲ್ಲ ಆಳಿನ ಕೂಲಿ ಕೊಡಿ. ಏನೂ ಕೊಡಲ್ಲ ಅನ್ನುವ ಹಾಗಿಲ್ಲ. ದಡದ ದೇಶಗಳಿಂದ ವರ್ಷಕ್ಕೆ ಕನಿಷ್ಠ 30,000 ಜನರನ್ನು ಬೇರೆಯವರು ತೆಗೆದುಕೊಳ್ಳುವ ಗುರಿ, ಜೊತೆಗೆ ಕನಿಷ್ಠ 60 ಕೋಟಿ ಯೂರೋ. ಜನ ಬೇಡ ಎನ್ನುವ ದೇಶ ತಲೆಗೆ 20,000 ಯೂರೋ ಲೆಕ್ಕದಲ್ಲಿ ದುಡ್ಡು ಕೊಡಬಹುದು. ಸಿಬ್ಬಂದಿ, ಸಲಕರಣೆ ಕಳಿಸಬಹುದು. ಇಷ್ಟಕ್ಕೂ ಹಂಗೇರಿ, ಪೋಲೆಂಡ್ ಇಡೀ ಒಪ್ಪಂದದ ವಿರುದ್ಧ ಮತ ಹಾಕಿದವು.

ಜನ ಗಮನಿಸದ ಸಂಗತಿ ಬೇರೆ ಇದೆ. ಮೊದಲು ಕಾಲಿಟ್ಟ ದೇಶದ ಹೊಣೆ ಎಂಬ ನಿಯಮವನ್ನು ಹೊಸ ಒಪ್ಪಂದ ತೆಗೆದುಹಾಕಲಿಲ್ಲ. ಅಕ್ರಮವಾಗಿ ಗಡಿ ದಾಟಿದವರ ಹೊಣೆ ಮೊದಲು 12 ತಿಂಗಳು ಆ ದೇಶಕ್ಕೆ ಅಂಟಿಕೊಂಡಿರುತ್ತಿತ್ತು, ಈಗ 20 ತಿಂಗಳು! ಬೆರಳಚ್ಚು ತೆಗೆಯುವ ವಯಸ್ಸು 14ರಿಂದ 6ಕ್ಕೆ ಇಳಿಯಿತು. ಯಾವ ದೇಶದವರ ಅರ್ಜಿಗಳಲ್ಲಿ ಶೇ. 20 ಅಥವಾ ಅದಕ್ಕಿಂತ ಕಡಿಮೆ ಒಪ್ಪಿಗೆಯಾಗುತ್ತದೋ, ಅವರನ್ನು ಗಡಿಯಲ್ಲೇ ಇಟ್ಟು 12 ವಾರದೊಳಗೆ ತೀರ್ಮಾನ ಮಾಡಬೇಕು. ಸಂಕಷ್ಟದ ಲೆಕ್ಕ ಬಂತು, ನಿಜ. ಆದರೆ ದಡದ ಊರಿನ ಅಂಗಳ ಇನ್ನೂ ದೊಡ್ಡದಾಯಿತು. ಆ ಅಂಗಳ ಮತ್ತೊಂದು ಮೊರಿಯಾ ಆಗುವುದಿಲ್ಲ ಎಂದು ಅಲ್ಲಿ ಕೆಲಸ ಮಾಡಿದ ನಾನಂತೂ ಹೇಳಲಾರೆ. ಗ್ರೀಸ್, ಇಟಲಿ ಯಾಕೆ ಒಪ್ಪಿಕೊಂಡವು? ಏನೂ ಇಲ್ಲದೆ ಇರುವುದಕ್ಕಿಂತ ಕೂಲಿಯಾದರೂ ಬರಲಿ ಅಂತ.

ಬೇರೆ ದಾರಿ ಇಲ್ಲವೇ ಎಂದರೆ, ನೋಡಿಯಾಗಿದೆ. ಹೊರಗಿನವರಿಗೆ ದುಡ್ಡು ಕೊಟ್ಟು ತಡೆಯುವುದು ಒಂದು. 2016ರ ಮಾರ್ಚ್‌ನಲ್ಲಿ ಟರ್ಕಿಯ ಜೊತೆ 600 ಕೋಟಿ ಯೂರೋ ಲೆಕ್ಕದ ಒಪ್ಪಂದವಾಯಿತು. ದೋಣಿಗಳು ದಿಢೀರ್ ಕಡಿಮೆಯಾದವು. ಆದರೆ ಬೀಗದ ಕೈ ಬೇರೆಯವರ ಜೇಬಿಗೆ ಹೋಯಿತು. 2020ರಲ್ಲಿ ಟರ್ಕಿ "ಗೇಟು ತೆಗೆದಿದ್ದೇವೆ" ಎಂದು ಸಾವಿರಾರು ಜನರನ್ನು ಗ್ರೀಸ್ ಗಡಿಗೆ ಬಿಟ್ಟಿತು. ಅರ್ಜಿಯನ್ನೇ ಬೇರೆ ದೇಶದಲ್ಲಿ ನೋಡುವುದು ಇನ್ನೊಂದು. ಇಟಲಿ 2023ರಲ್ಲಿ ಅಲ್ಬೇನಿಯಾದ ಜೊತೆ ಒಪ್ಪಂದ ಮಾಡಿಕೊಂಡು ಶಿಬಿರ ಕಟ್ಟಿತು. 2024ರಲ್ಲಿ ಒಂದಿಷ್ಟು ಜನರನ್ನು ಹಡಗಿನಲ್ಲಿ ಕಳಿಸಿತು, ರೋಮ್‌ನ ನ್ಯಾಯಾಧೀಶರು ವಾಪಸ್ ಕರೆಸಿದರು. ಒಕ್ಕೂಟದಿಂದ ಹೊರಗೆ ಬಂದ ಬ್ರಿಟನ್ ರುವಾಂಡಾಕ್ಕೆ ಕಳಿಸುತ್ತೇನೆ ಎಂದು ಹೊರಟಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಕಾನೂನುಬಾಹಿರ ಎಂದಿತು, ಮರುವರ್ಷ ಹೊಸ ಸರ್ಕಾರ ಕೈಬಿಟ್ಟಿತು. ನನ್ನನ್ನು ಕೇಳಿದರೆ, ಕೆಲಸ ಮಾಡಿದ್ದು ಉಕ್ರೇನಿನವರಿಗೆ ಮಾಡಿದ ದಾರಿ: ಸಂಬಂಧ, ಭಾಷೆ, ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗಲು ಬಿಟ್ಟು, ಹೋದ ಕಡೆಗೆ ದುಡ್ಡು ಕಳಿಸುವುದು. ಅದಕ್ಕೂ ಅಪಾಯ ಇದೆ. ಎಲ್ಲರೂ ಜರ್ಮನಿಗೇ ಹೋದರೆ ಅಲ್ಲಿನ ಮತದಾರ ಸಿಟ್ಟಾಗುತ್ತಾನೆ, ಈಗಾಗಲೇ ಆಗಿದ್ದಾನೆ.

ಕೂಡಿಸಿ ಹಂಚುವುದು ಒಪ್ಪಿಗೆಯಿಂದ ಆದರೆ ಹೇಗಿರುತ್ತದೆ ಎಂಬುದು ನಿಮಗೆ ದೂರದ ವಿಷಯವಲ್ಲ. ಟಿಬೆಟಿನವರು ಬಂದಾಗ ನೆಹರೂ ಸರ್ಕಾರ ರಾಜ್ಯಗಳನ್ನು ಜಾಗ ಕೇಳಿತು. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ನಿಮ್ಮೂರಿನಿಂದ ಎರಡು ಮೂರು ಗಂಟೆ ದಾರಿ. ಹಾಗೆಂದು ನಾವು ದೊಡ್ಡವರು ಎನ್ನುವಂತಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ, ನಮ್ಮಲ್ಲಿ ಆಶ್ರಯದ ಕಾನೂನೇ ಇಲ್ಲ.

ಕೊನೆಗೆ ನಿಮ್ಮ ತಂಗಿ ಮಗ. ಏಜೆಂಟ್ ಹೇಳಿದ "ವರ್ಷಗಟ್ಟಲೆ ಹಿಡಿಯುತ್ತೆ" ಎಂಬುದು ಹಳೆಯ ಕಥೆ. ಹೊಸ ಒಪ್ಪಂದ ಬಂದಿರುವುದೇ ಅದನ್ನು ನಿಲ್ಲಿಸಲು. ಭಾರತೀಯರ ಅರ್ಜಿಗಳಲ್ಲಿ ಒಪ್ಪಿಗೆಯಾಗುವುದು ಶೇ. 5ಕ್ಕೂ ಕಡಿಮೆ. 2025ರ ಏಪ್ರಿಲ್‌ನಲ್ಲಿ ಆಯೋಗ "ಸುರಕ್ಷಿತ ದೇಶ"ಗಳ ಒಂದು ಪಟ್ಟಿಯನ್ನು ಪ್ರಸ್ತಾಪಿಸಿತು. ಬಾಂಗ್ಲಾದೇಶ, ಈಜಿಪ್ಟ್, ಮೊರಾಕೊ ಜೊತೆಗೆ ಭಾರತವೂ ಅದರಲ್ಲಿದೆ. ಅಂದರೆ ಅವನ ಅರ್ಜಿ ಬೇಗ ತೀರ್ಮಾನವಾಗುವ ಸಾಲಿಗೆ ಹೋಗುತ್ತದೆ. ಮೊದಲ ಕೆಲವು ತಿಂಗಳು ಕೆಲಸ ಮಾಡುವಂತಿಲ್ಲ, ಶಿಬಿರದಲ್ಲಿರಬೇಕು. ಫ್ರಾನ್ಸ್ ವೀಸಾದಲ್ಲಿ ಹೋಗಿ ಜರ್ಮನಿಯಲ್ಲಿ ಅರ್ಜಿ ಹಾಕಿದರೆ ವೀಸಾ ಕೊಟ್ಟ ದೇಶದ ಹೊಣೆ ಎಂಬ ನಿಯಮದಂತೆ ಫ್ರಾನ್ಸ್‌ಗೆ ತಳ್ಳುತ್ತಾರೆ. ತಿರಸ್ಕಾರವಾಗಿ ಗಡೀಪಾರು ಮಾಡಿದರೆ ಶೆಂಗೆನ್ ದೇಶಗಳಿಗೆಲ್ಲ ಕೆಲವು ವರ್ಷ ಕಾಲಿಡುವಂತಿಲ್ಲ, ಮುಂದೆ ನಿಜವಾದ ಕೆಲಸ ಸಿಕ್ಕಿದರೂ. ಅವನಿಗೆ ಊರಿನಲ್ಲಿ ನಿಜವಾಗಿ ಜೀವಭಯ ಇದ್ದರೆ ಅದು ಬೇರೆ ಮಾತು, ಆಗ ವಕೀಲರನ್ನು ನೋಡಬೇಕು. ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ.

ಹುಡುಗನಿಗೆ ಡಿಪ್ಲೊಮಾ ಅಥವಾ ಡಿಗ್ರಿ ಇದ್ದರೆ ನೇರ ದಾರಿಗಳೇ ಇವೆ. ಜರ್ಮನಿ 2024ರಲ್ಲಿ ಭಾರತದ ನುರಿತ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಆಪರ್ಚುನಿಟಿ ಕಾರ್ಡ್ ಎಂಬುದು ಬಂದಿದೆ. ಅಂಕ ಲೆಕ್ಕ ಹಾಕಿ ಕೊಡುತ್ತಾರೆ, ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು. ನಿಮ್ಮ ಖರ್ಚಿಗೆ ದುಡ್ಡು ಇದೆ ಎಂದು ತೋರಿಸಬೇಕು. ಕೆಲಸ ಕಲಿಯುತ್ತಾ ಸಂಬಳ ಪಡೆಯುವ ಆಉಸ್‌ಬಿಲ್ಡುಂಗ್ ತರಬೇತಿ ಇದೆ, ಅದಕ್ಕೆ ಸಾಮಾನ್ಯವಾಗಿ ಬಿ-1 ಮಟ್ಟದ (ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು) ಜರ್ಮನ್ ಬೇಕು. ಬೆಂಗಳೂರಿನಲ್ಲಿ ಕಲಿಯಬಹುದು, ಸುಮಾರು ಒಂದು ವರ್ಷದ ಶ್ರಮ. ಏಜೆಂಟ್ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಲೈಸೆನ್ಸ್ ಇಟ್ಟುಕೊಂಡಿದ್ದಾನಾ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರು ಹುಡುಕಿ ನೋಡಿ. ಅದಕ್ಕೂ ಮೊದಲು ಒಂದು ವಿಷಯ ಕೇಳಿ. ಹುಡುಗನ ಪಾಸ್‌ಪೋರ್ಟ್ ಈಗ ಯಾರ ಹತ್ತಿರ ಇದೆ? ಏಜೆಂಟ್ ಹತ್ತಿರ ಇದ್ದರೆ ನಾಳೆಯೇ ನೀವೂ ಜೊತೆಗೆ ಹೋಗಿ ಅದನ್ನು ಕೈಗೆ ತೆಗೆದುಕೊಂಡು ಬನ್ನಿ. ಮುಂಗಡ ಕೊಟ್ಟ ದುಡ್ಡಿನ ಮಾತು ಆಮೇಲೆ ಆಡಿ.